ತಂತ್ರಾಂಶದ ಕೈಪಿಡಿ: ಕ್ಷೇತ್ರಕಾರ್ಯದ ನೆಲೆಯಿಂದ ಒಂದು ವಿವೇಚನೆ

ಜಾನಪದ ಅಧ್ಯಯನದಲ್ಲಿ ತೊಡಗಿದವರಿಗೆ ‘ದಾಖಲೀಕರಣ’ ಎಂಬ ಮಾತು ಹೊಸತಲ್ಲ. ಹಾಡಿದವರು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಎಂಬ ವಿವರಗಳಿಲ್ಲದ ಪಠ್ಯವನ್ನು ನಾವು ಅರ್ಧ ಪಠ್ಯವೆಂದೇ ಪರಿಗಣಿಸುತ್ತೇವೆ. ತಂತ್ರಾಂಶ ರಚಿಸುವವರು ಇದೇ ಪದವನ್ನು ಬೇರೊಂದು ಅರ್ಥದಲ್ಲಿ ಬಳಸುತ್ತಾರೆ. ತಾವು ರೂಪಿಸಿದ ಸೌಲಭ್ಯವು ಏನು ಮಾಡುತ್ತದೆ, ಅದನ್ನು ಹೇಗೆ ಬಳಸಬೇಕು, ಎಲ್ಲಿ ಅದು ಕೈಕೊಡಬಹುದು ಎಂಬುದನ್ನು ಬಳಕೆದಾರರಿಗೆ ಬರೆದು ತಿಳಿಸುವುದು ಅವರ ಪಾಲಿನ ದಾಖಲೀಕರಣ. ಈ ಎರಡರ ನಡುವಣ ಸಂಬಂಧ ನನಗೆ ಮನವರಿಕೆಯಾದದ್ದು ಒಂದು ನಷ್ಟದಿಂದ.

2007ರಲ್ಲಿ, ನಾನು ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಹಳೆಯ ಕ್ಯಾಸೆಟ್ಟುಗಳಲ್ಲಿದ್ದ ಸೋಬಾನೆ ಪದಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕೆಲಸ ನಡೆದಿತ್ತು. ಅದಕ್ಕೆ ಬಳಸಿದ್ದು ಆಡಾಸಿಟಿ ಎಂಬ ಮುಕ್ತ ತಂತ್ರಾಂಶ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿದ ಈ ತಂತ್ರಾಂಶ 2000ದಲ್ಲಿ ಬಿಡುಗಡೆಯಾಯಿತು. ಕಿರಿಯ ವಿದ್ಯಾರ್ಥಿಗಳಿಗಾಗಿ ನಾನೊಂದು ಪುಟದ ಸೂಚನಾಪತ್ರ ಬರೆದುಕೊಟ್ಟೆ. ಅದರ ಕೊನೆಯ ವಾಕ್ಯ ಹೀಗಿತ್ತು: ‘ಮುದ್ರಣ ಮುಗಿದ ಬಳಿಕ ಕಡತವನ್ನು ಸೇವ್ ಮಾಡಿ, ಸಿ.ಡಿ.ಗೆ ಪ್ರತಿ ಮಾಡಿಕೊಳ್ಳಿ.’

ಆಗಿನ ಆಡಾಸಿಟಿಯಲ್ಲಿ ‘ಸೇವ್’ ಎಂದರೆ ಹಾಡನ್ನು ಉಳಿಸುವುದಷ್ಟೇ ಆಗಿರಲಿಲ್ಲ. ಅದು ಎಯುಪಿ ಎಂಬ ಪುಟ್ಟ ಕಡತವೊಂದನ್ನೂ, ಅದರ ಪಕ್ಕದಲ್ಲಿ ‘ಡೇಟಾ’ ಎಂದು ಕೊನೆಗೊಳ್ಳುವ ಹೆಸರಿನ ಫೋಲ್ಡರೊಂದನ್ನೂ ಸೃಷ್ಟಿಸುತ್ತಿತ್ತು. ಧ್ವನಿಯೆಲ್ಲ ಇದ್ದದ್ದು ಫೋಲ್ಡರಿನಲ್ಲಿ, ಹೆಚ್ಚೆಂದರೆ ಆರು ಸೆಕೆಂಡಿನ ತುಣುಕುಗಳಾಗಿ. ಅರ್ಧ ಗಂಟೆಯ ಒಂದು ಮಗ್ಗುಲಿಗೆ ಮುನ್ನೂರಕ್ಕೂ ಮಿಕ್ಕ ತುಣುಕುಗಳು. ಎಯುಪಿ ಕಡತದಲ್ಲಿ ಇದ್ದದ್ದು ಆ ತುಣುಕುಗಳ ಹೆಸರು ಮತ್ತು ಅನುಕ್ರಮ ಮಾತ್ರ. ವಿದ್ಯಾರ್ಥಿಯೊಬ್ಬ ನನ್ನ ಸೂಚನೆಯನ್ನು ಚಾಚೂತಪ್ಪದೆ ಪಾಲಿಸಿ ಎಯುಪಿ ಕಡತವನ್ನು ಸಿ.ಡಿ.ಗೆ ಹಾಕಿದ. ಕೆಲವು ತಿಂಗಳ ನಂತರ ಯಂತ್ರದ ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಗೊಳಿಸಲಾಯಿತು. ಮತ್ತೆ ಕ್ಯಾಸೆಟ್ಟನ್ನೇ ಹಾಕಿದಾಗ ಬೂಷ್ಟು ಹಿಡಿದಿದ್ದ ಟೇಪು ಅಂಟಿಕೊಂಡು ಹರಿಯಿತು. ದಕ್ಕಿದ್ದು ಎರಡು ಪದ. ಹಾಡಿದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

ತಂತ್ರಾಂಶ ಎಚ್ಚರಿಕೆ ಕೊಟ್ಟಿತ್ತು. ‘ಇದು ಧ್ವನಿಕಡತವಲ್ಲ’ ಎಂಬರ್ಥದ ಇಂಗ್ಲಿಷ್ ಸೂಚನೆ ಪರದೆಯ ಮೇಲೆ ಮೂಡುತ್ತಿತ್ತು. ತಪ್ಪು ನನ್ನ ಪುಟದ್ದು. ನಾನಾದರೋ ಪ್ರತಿಸಲವೂ ಫೋಲ್ಡರನ್ನು ಜೊತೆಯಲ್ಲೇ ಎತ್ತಿಕೊಳ್ಳುತ್ತಿದ್ದೆ. ಕೈಗೆ ಅಷ್ಟು ರೂಢಿಯಾಗಿದ್ದರಿಂದಲೇ ಅದನ್ನು ಬರೆಯಬೇಕೆಂದು ಹೊಳೆಯಲಿಲ್ಲ. ಕ್ಷೇತ್ರಕಾರ್ಯದಲ್ಲಿ ನಾವು ನಿತ್ಯ ಕಾಣುವ ಸಂಗತಿಯೇ ಇದು. ಕುಂಬಾರರನ್ನು ಮಡಕೆ ಮಾಡುವ ಕ್ರಮ ಕೇಳಿದರೆ ‘ಮಣ್ಣು ಹದ ಮಾಡಿ ತಿಗರಿಗೆ ಇಡುವುದು’ ಎನ್ನುತ್ತಾರೆ. ಆ ‘ಹದ’ದೊಳಗೆ ಸೋಸುವುದು, ತುಳಿಯುವುದು, ಕಲ್ಲು ಆರಿಸುವುದು ಎಲ್ಲವೂ ಅಡಗಿರುತ್ತದೆ. ವಕ್ತೃವು ಮುಚ್ಚಿಡುತ್ತಿಲ್ಲ, ಅವರಿಗದು ಹೇಳಬೇಕಾದ ವಿಷಯವೇ ಅಲ್ಲ. ಆದುದರಿಂದ ನಾವು ಕೇಳಿ ಬರೆದುಕೊಳ್ಳುವುದಕ್ಕಷ್ಟೇ ನಿಲ್ಲದೆ ಪಕ್ಕದಲ್ಲಿ ಕುಳಿತು ಕೈಯನ್ನು ನೋಡುತ್ತೇವೆ. ತಂತ್ರಾಂಶ ರಚಿಸಿದವರೂ ಒಂದರ್ಥದಲ್ಲಿ ಇಂಥ ವಕ್ತೃಗಳೇ. ಕೈಪಿಡಿ ಬರೆಯುವವರು ಅವರ ಮಾತನ್ನು ಕೇಳಿದ ಮೇಲೆ, ಏನೂ ಅರಿಯದ ಒಬ್ಬರನ್ನು ಯಂತ್ರದ ಮುಂದೆ ಕೂರಿಸಿ, ತಾವು ಬಾಯಿ ಬಿಡದೆ ನೋಡಬೇಕು. ಆ ವ್ಯಕ್ತಿ ತಡವರಿಸಿದ ಕಡೆಯಲ್ಲೆಲ್ಲ ಒಂದು ವಾಕ್ಯ ಬಿಟ್ಟುಹೋಗಿದೆಯೆಂದು ತಿಳಿಯಬೇಕು.

ಎರಡನೆಯ ಸೂಚನಾಪತ್ರವನ್ನು ನಾನು ಬರೆದದ್ದು ಹೀಗೆ ನೋಡಿದ ಮೇಲೆಯೇ. ‘ಸೇವ್ ಸೌಲಭ್ಯ’ ಎಂಬ ಶೀರ್ಷಿಕೆ ಹೋಗಿ ‘ಹಾಡನ್ನು ಸಿ.ಡಿ.ಗೆ ಹಾಕುವುದು ಹೇಗೆ’ ಎಂದಾಯಿತು. ವಿದ್ಯಾರ್ಥಿಗಳು ಹುಡುಕುತ್ತಿದ್ದುದು ಸೌಲಭ್ಯದ ಹೆಸರನ್ನಲ್ಲ, ತಮ್ಮ ಕೆಲಸವನ್ನು. ‘ಎಕ್ಸ್‌ಪೋರ್ಟ್’ ಎಂಬುದನ್ನು ಮೊದಲು ಭಾಷಾಭಿಮಾನದಿಂದ ‘ರಫ್ತು’ ಎಂದು ಬರೆದಿದ್ದೆ. ಒಬ್ಬ ವಿದ್ಯಾರ್ಥಿ ಪರದೆಯ ಮೇಲೆಲ್ಲ ‘ರಫ್ತು’ ಹುಡುಕಿ ಸೋತ. ಪರದೆಯ ಮೇಲೆ ಇರುವ ಪದವನ್ನು ಇದ್ದಂತೆಯೇ ಕೊಟ್ಟು, ಅದರ ಅರ್ಥವನ್ನು ಕನ್ನಡದಲ್ಲಿ ವಿವರಿಸುವುದೇ ಸರಿಯಾದ ಕ್ರಮವೆಂದು ನನ್ನ ಈಗಿನ ಅಭಿಪ್ರಾಯ.

ಇನ್ನೊಂದು ಪಾಠ ಯುನಿಕ್ಸ್ ಕೈಪಿಡಿಯದು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರ ಈ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರ್ 3ರದು. ಪ್ರತಿ ಆಜ್ಞೆಗೂ ಹೆಸರು, ಬಳಸುವ ರೂಪ, ವಿವರಣೆ ಮುಂತಾದ ನಿಶ್ಚಿತ ಶೀರ್ಷಿಕೆಗಳಿದ್ದವು. ಅವುಗಳಲ್ಲಿ ‘ದೋಷಗಳು’ ಎಂಬುದೂ ಒಂದು. ತಮ್ಮ ಕೃತಿಯ ಕುಂದನ್ನು ಅದರ ವಿವರಣೆಯ ಪುಟದಲ್ಲೇ ನಮೂದಿಸುವ ಈ ಪದ್ಧತಿ ನಮ್ಮ ಸಂಗ್ರಹ ಗ್ರಂಥಗಳಲ್ಲಿಯೂ ಇದ್ದಿದ್ದರೆ ಎಷ್ಟೋ ಪಾಠಾಂತರ ಚರ್ಚೆಗಳು ಸುಲಭವಾಗುತ್ತಿದ್ದವು!

ಆದರೆ ನನ್ನ ಎರಡನೆಯ ಪತ್ರವೂ ಉಳಿಯಲಿಲ್ಲ. 2021ರ ಮಾರ್ಚಿನಲ್ಲಿ ಬಂದ ಆಡಾಸಿಟಿ 3.0 ಆವೃತ್ತಿಯು ಫೋಲ್ಡರನ್ನು ಕೈಬಿಟ್ಟು, ಧ್ವನಿಯನ್ನೂ ಅನುಕ್ರಮವನ್ನೂ ಎಯುಪಿ3 ಎಂಬ ಒಂದೇ ಕಡತದಲ್ಲಿ ಇಡತೊಡಗಿತು. ‘ಫೋಲ್ಡರನ್ನೂ ಪ್ರತಿ ಮಾಡಿ’ ಎಂಬ ನನ್ನ ಸೂಚನೆ ಓದಿದವರು ಇಲ್ಲದ ಫೋಲ್ಡರನ್ನು ಹುಡುಕಿ ಗಾಬರಿಯಾದರು. ಪತ್ರದ ಮೇಲೆ ಆವೃತ್ತಿಯ ಸಂಖ್ಯೆಯಾಗಲಿ, ದಿನಾಂಕವಾಗಲಿ ಇರಲಿಲ್ಲ. ಜಾಂಗೊ ಎಂಬ ತಂತ್ರಾಂಶ ಯೋಜನೆಯಲ್ಲಿ ಹೊಸ ಸೌಲಭ್ಯ ಸೇರಿಸುವವರು ಅದರ ವಿವರಣೆಯನ್ನೂ, ಅದು ಯಾವ ಆವೃತ್ತಿಯಲ್ಲಿ ಬಂದಿತೆಂಬ ಟಿಪ್ಪಣಿಯನ್ನೂ ಜೊತೆಯಲ್ಲೇ ಕೊಡಬೇಕೆಂಬ ನಿಯಮವಿದೆ. ಹಾಡಿನ ಕೆಳಗೆ ಊರು, ತಾರೀಖು ಬರೆಯದ ವಿದ್ಯಾರ್ಥಿಯನ್ನು ಗದರುವ ನಾನೇ ಅದನ್ನು ಮರೆತಿದ್ದೆ.

ಮೂರನೆಯ ಪತ್ರದ ಮೊದಲ ಸಾಲಿನಲ್ಲಿ ಆವೃತ್ತಿ ಮತ್ತು ದಿನಾಂಕಗಳಿವೆ. ಅದನ್ನು ಹಂಚುವ ದಿನ ಆ ಹಳೆಯ ಸಿ.ಡಿ.ಯ ಎಯುಪಿ ಕಡತವನ್ನು ಬರಿಯ ಪಠ್ಯವಾಗಿ ತೆರೆದು ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ತುಣುಕುಗಳ ಹೆಸರುಗಳು ಸಾಲಾಗಿ, ಒಂದೂ ತಪ್ಪದೆ, ಇಂದಿಗೂ ಅದರಲ್ಲಿವೆ.