ಸ್ವಿಚ್ ಒತ್ತಿದ್ರ ತಂಬೂರಿ: ಮಿರಜಿನ 'ಜವಾರಿ' ಉಳಿಯೋದು ಹ್ಯಾಂಗ?

ಮಿರಜ: ಅಥಣಿ, ಕಾಗವಾಡ, ರಾಯಬಾಗ ಕಡೆಯ ಮಂದಿಗೆ ಮಿರಜ ಅಂದ್ರ ದವಾಖಾನಿ, ಇಲ್ಲಾಂದ್ರ ರೈಲ್ವೆ ಜಂಕ್ಷನ್. ಹಾಡುವವರಿಗೆ ಮಾತ್ರ ಮಿರಜ ಅಂದ್ರ ತಂಬೂರಿ. ಇಲ್ಲಿನ ಸತಾರಮೇಕರ್ ಗಲ್ಲಿಯಲ್ಲಿ ರೂಪುಗೊಂಡ ನಾದ ಈಗ ಮೊಬೈಲ್‌ನಲ್ಲಿ ಸಿಗುತ್ತದೆ. ಕಂಪ್ಯೂಟರ್‌ನಲ್ಲಿ ಹೆಣೆಯುವ ಹೊಸ ಸಂಗೀತಕ್ಕೂ ತಂಬೂರಿ ನಾದವೇ ಒಂದು ಬೇರು. ನಾದ ಜಗತ್ತು ಸುತ್ತುತ್ತಿದೆ. ಅದನ್ನು ಹುಟ್ಟಿಸುವ ಕೈಗಳಿಗೆ ಮಾತ್ರ ವಾರಸುದಾರರು ಕಡಿಮೆಯಾಗುತ್ತಿದ್ದಾರೆ.

ಏನಿದು ಹೊಸ ಸಂಗೀತ?

ಮೈಕ್ ಹಿಡಿದು ಹೊರಗೆ ಹೋಗಿ ಮಳೆ, ಗಾಳಿ, ಹಕ್ಕಿ, ಕಪ್ಪೆಗಳ ಸದ್ದನ್ನು ಧ್ವನಿಮುದ್ರಿಸಿಕೊಳ್ಳುವುದು, ಎಲೆಕ್ಟ್ರಾನಿಕ್ ಸ್ವರಗಳ ಜತೆ ಅದನ್ನು ಬೆರೆಸುವುದು. ತಾಳದ ಹಂಗಿಲ್ಲ, ಪಲ್ಲವಿ-ಚರಣಗಳ ಗೊಡವೆ ಇಲ್ಲ. ಊದುಬತ್ತಿಯ ವಾಸನೆಯ ಹಾಗೆ ಕೋಣೆ ತುಂಬಿಕೊಂಡಿದ್ರ ಸಾಕು. ಇದಕ್ಕೆ 'ಆ್ಯಂಬಿಯೆಂಟ್' ಎಂಬ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಬ್ರಯಾನ್ ಈನೊ. 1978ರಲ್ಲಿ ಅವರು ವಿಮಾನ ನಿಲ್ದಾಣಗಳಿಗೆಂದೇ ಒಂದು ಧ್ವನಿಮುದ್ರಿಕೆ ತಂದರು. 1982ರ 'ಆನ್ ಲ್ಯಾಂಡ್'ನಲ್ಲಿ ಕಪ್ಪೆ, ಹಕ್ಕಿಗಳ ಸದ್ದನ್ನೂ ಸೇರಿಸಿದರು.

ಒಂದೇ ಸ್ವರ ನಿಲ್ಲದೆ ಹರಿಯಬೇಕು ಎನ್ನುವ ಈ ಸಂಗೀತದ ಆಸೆ ನಮ್ಮ ಭಾಗಕ್ಕೆ ಹೊಸತಲ್ಲ. ಕಿರಾನಾ ಘರಾಣೆಯ ಪಂಡಿತ ಪ್ರಾಣನಾಥ 1970ರಲ್ಲಿ ನ್ಯೂಯಾರ್ಕ್‌ಗೆ ಹೋದಾಗ ಲಾ ಮಾಂಟ್ ಯಂಗ್, ಟೆರ್ರಿ ರೈಲಿ ಅವರಂಥ ಸಂಯೋಜಕರು ಶಿಷ್ಯರಾಗಿ ತಂಬೂರಿ ಮುಂದೆ ಕುಳಿತರು. ಅದೇ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ್ದು ಮಿರಜಿನಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿನ ದರ್ಗಾದ ಆವರಣದಲ್ಲಿದೆ. ಅವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ.

ನಮ್ಮ ದೇಶದಲ್ಲೂ ಈ ಪ್ರಯೋಗ ಮೊದಲೇ ನಡೆದಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಮೂಗ್ ಸಿಂಥಸೈಜರ್ ಬಂದಿಳಿಯಿತು. ಅಲ್ಲಿನ ಟೇಪುಗಳು 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದಾಗ ಐ.ಎಸ್. ಮಾಥುರ್ ಅವರ ಒಂದು ರಚನೆಯ ಹೆಸರು 'ಮೈ ಬರ್ಡ್ಸ್', ಇನ್ನೊಂದರ ಹೆಸರಿನಲ್ಲಿ ತಂಬೂರಿಯೇ ಇತ್ತು!

ಕುದುರೆ ಮೇಲಿನ ಕೆಲಸ

ಮಿರಜಿನ ವಾದ್ಯ ತಯಾರಿಕೆಗೆ ಸುಮಾರು ಒಂದೂಮುಕ್ಕಾಲು ಶತಮಾನದ ಇತಿಹಾಸ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್ ಸಾಹೇಬರು ಈ ಕಸುಬಿಗೆ ಇಳಿದರು. ಮನೆತನದ ಹೆಸರೇ 'ಸತಾರಮೇಕರ್' ಆಯಿತು. ಬುರುಡೆ ಪಂಢರಪುರ, ಮಂಗಳವೇಢೆ ಸೀಮೆಯ ಹೊಲದ್ದು. ಕಟ್ಟಿಗೆ ತುನ್ ಮರದ್ದು.

ನಮ್ಮ ಕಡೆ ಜವಾರಿ ಅಂದ್ರ ನಾಟಿ. ತಂಬೂರಿ ಮಾಡುವವರ ಬಾಯಲ್ಲಿ ಅದರ ಅರ್ಥ ಬೇರೆ. ತಂತಿ ಕೂರುವ ಕುದುರೆಯ ಮೇಲ್ಮೈ ಸಪಾಟಾಗಿರುವುದಿಲ್ಲ, ಕೂದಲೆಳೆಯಷ್ಟು ಇಳಿಜಾರು ಇರುತ್ತದೆ. ಮೀಟಿದಾಗ ತಂತಿ ಅದನ್ನು ಸವರುತ್ತ ನಡುಗುತ್ತದೆ. ಕೆಳಗೆ ಒಂದು ನೂಲಿನ ಎಳೆ ಇಟ್ಟು ಹಿಂದೆ-ಮುಂದೆ ಸರಿಸಿದರೆ ಒಂದೇ ಸ್ವರದೊಳಗಿಂದ ಹತ್ತಾರು ಮೇಲ್‌ಸ್ವರಗಳು ಎದ್ದು ಬರುತ್ತವೆ. ಇದೇ ಜವಾರಿ. ಸರ್ ಸಿ.ವಿ. ರಾಮನ್ 1921ರಲ್ಲೇ ಈ ಕುದುರೆಯ ವಿಶೇಷದ ಬಗ್ಗೆ ಬರೆದಿದ್ದರು. ಕುದುರೆಯನ್ನು ಅಷ್ಟಷ್ಟೇ ತಿಕ್ಕಿ, ಮೀಟಿ, ಕೇಳಿ, ಮತ್ತೆ ತಿಕ್ಕಬೇಕು. ಇಲ್ಲಿ ಅಳತೆಗೋಲು ಕಿವಿ. ಆ ಕಿವಿ ಪಳಗಲು ವರ್ಷಗಳೇ ಬೇಕು.

ಡಬ್ಬಿಯೊಳಗಿನ ತಂಬೂರಿ

ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಕಲಿಯುವವರಿಗೆ ಅದು ದೊಡ್ಡ ಅನುಕೂಲ. ಬಸ್ಸಿನಲ್ಲಿ ಒಯ್ಯಬಹುದು, ಮೀಟಲು ಇನ್ನೊಬ್ಬರು ಬೇಡ, ಶ್ರುತಿ ಇಳಿಯೋದಿಲ್ಲ. ಈಗಂತೂ ಮೊಬೈಲ್ ಆ್ಯಪ್ ಸಾಕು. ಆದರೆ ಅಸಲಿ ನಾದ ಕೊಡುತ್ತೇವೆ ಎನ್ನುವ ಆ್ಯಪ್‌ಗಳೂ ಮೊದಲು ಯಾವುದೋ ಕಟ್ಟಿಗೆ ತಂಬೂರಿಯ ಎದುರು ಮೈಕ್ ಇಡಲೇಬೇಕು. ಮುದ್ರಿಸಿದ ನಾದ ಸುತ್ತಿ ಸುತ್ತಿ ಅದೇ ಬರುತ್ತದೆ. ಕಟ್ಟಿಗೆ ತಂಬೂರಿ ಹಾಗಲ್ಲ. ಬೆರಳು, ಹವೆ, ಕೋಣೆ ಬದಲಾದಂತೆ ಅದರ ನಾದವೂ ಬದಲಾಗುತ್ತದೆ.

ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಊರಿನ ಮಾಲಿಗೆ ಮಿರಜಿನ ಹೆಸರು ಹಚ್ಚುವಂತಿಲ್ಲ. ಇದರಿಂದ ಹೆಸರಿಗೆ ಕಾವಲು ಸಿಕ್ಕಿತು, ಕಿವಿಗೆ ಸಿಗಲಿಲ್ಲ. ದುಡಿಮೆ ಹೆಚ್ಚು, ಗಳಿಕೆ ಕಡಿಮೆ ಎಂದು ಹೊಸ ಹುಡುಗರು ಬೇರೆ ನೌಕರಿ ಹುಡುಕುತ್ತಿದ್ದಾರೆ.

ಕಾಡಿನ ಹಕ್ಕಿ ಸದ್ದಿಗೆ ಮೈಕ್ ಹಿಡಿಯುವವರು ಒಮ್ಮೆ ಈ ಗಲ್ಲಿಗೂ ಬಂದು ಉಳಿಯ ಏಟು, ಕುದುರೆ ತಿಕ್ಕುವ ಸದ್ದು, ಮೊದಲ ಬಾರಿ ಜವಾರಿ ಬಿಚ್ಚುವ ತಂತಿಯ ದನಿಯನ್ನು ದಾಖಲಿಸಬೇಕು. ಅದಕ್ಕಿಂತ ಮೊದಲು ಸಂಗೀತ ಶಾಲೆಗಳು ಒಂದಾದರೂ ಕಟ್ಟಿಗೆ ತಂಬೂರಿ ಕೊಳ್ಳಬೇಕು. ಮಾಡುವ ಕೈಯೇ ನಿಂತ್ರ ನಾಳೆ ಮೈಕ್ ಇಡೋದು ಯಾವುದರ ಮುಂದೆ?