ಪೈಪು ಯಾವಾಗ ತೆಗೀತೀರಿ?

ನಮ್ಮ ಕಡೆ ಮನೆ ತುಂಬ ಶಹಾಬಾದ್ ಪರಸಿ. ಬಿರುಬೇಸಿಗೆಯಲ್ಲಿ ಅಂಗಾಲಿಗೆ ತಂಪು, ನಾಲ್ಕು ಹನಿ ನೀರು ಬಿದ್ದರೆ ಎಣ್ಣೆ ಸವರಿದಷ್ಟು ಜಾರು. ನಡುರಾತ್ರಿ ಒಂದಕ್ಕೆಂದು ಎದ್ದ ಆಯಿ ಬಚ್ಚಲ ಹೊಸ್ತಿಲಲ್ಲಿ ಕಾಲು ಜಾರಿ ಬಿದ್ದಳೆಂದರೆ ಸವೆದ ಎಲುಬು ತಡೆಯುವುದಿಲ್ಲ. ಟೊಂಕದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿಯುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರಿಗೆ ರೈಲಾದರೂ ಇದೆ, ಚಿಂಚೋಳಿಯವರಿಗೆ ಅದೂ ಇಲ್ಲ. ಎಲ್ಲಿಂದ ಹೊರಟರೂ ಇಂಥ ಆಪರೇಷನ್ನಿಗೆ ಹೆಚ್ಚಿನವರು ಸೇರುವುದು ಕಲಬುರಗಿಯ ದವಾಖಾನೆಗೆ.

ದಾರಿಯುದ್ದಕ್ಕೂ ಆಯಿಯನ್ನು ಕಾಡುವುದು ಎಲುಬಿನ ಚಿಂತೆಯೊಂದೇ ಅಲ್ಲ. ಕಾಲು ಚೂರು ಅಲುಗಿದರೂ ಜೀವ ಬಾಯಿಗೆ ಬರುವಾಗ ಒಂದಕ್ಕೆ ಹೋಗುವುದು ಹೇಗೆ? ಮಗನ ಮುಂದೆ ಹೇಳುವುದು ಹೇಗೆ? ನಾಚಿಕೆಗೆ ನೀರು ಕುಡಿಯುವುದನ್ನೇ ಬಿಟ್ಟುಬಿಡುವವರಿದ್ದಾರೆ. ಅಂಥವರಿಗೆ ನರ್ಸ್ ಪೈಪು ಹಾಕಿ, ಮೂತ್ರ ಚೀಲಕ್ಕೆ ಇಳಿದಾಗ ಅವರು ಬಿಡುವ ಉಸಿರನ್ನು ಕಂಡವರು ಆ ಪೈಪನ್ನು ಹಗುರವಾಗಿ ಕಾಣಲಾರರು. ಮುರಿದ ಟೊಂಕವನ್ನು ಎತ್ತೆತ್ತಿ ಬೆಡ್‌ಪ್ಯಾನ್ ಮೇಲೆ ಇಡುವುದು ಹಿಂಸೆ. ಆಪರೇಷನ್ ಆಗುವ ತನಕ ಪೈಪು ಇರಲಿ ಎಂದೇ ನಾನು ಹೇಳುತ್ತೇನೆ. ಪ್ರಶ್ನೆ ಏಳುವುದು ಆಮೇಲೆ.

ಈ ಆಪರೇಷನ್ನಿಗೆ ಬಹಳ ಸಲ ಬೆನ್ನಿಗೆ ಚುಚ್ಚಿ ಅರಿವಳಿಕೆ ಕೊಡುತ್ತಾರೆ. ಟೊಂಕದಿಂದ ಕೆಳಗೆ ಮರಗಟ್ಟುವಾಗ ಮೂತ್ರಕೋಶದ ನರಗಳೂ ಮಲಗುತ್ತವೆ. ಕಾಲಿಗೆ ಜೀವ ಬಂದಮೇಲೂ ಅವು ಏಳುವುದು ತಡ. ಮೂತ್ರಕೋಶ ತುಂಬುತ್ತಲೇ ಇರುತ್ತದೆ, ತುಂಬಿದ್ದು ತಿಳಿಯುವುದಿಲ್ಲ. ಸಾಮಾನ್ಯವಾಗಿ 400–500 ಮಿ.ಲೀ. ಆಗುವಷ್ಟರಲ್ಲಿ ನಮಗೆ ತಡೆಯಲಾಗುವುದಿಲ್ಲ. ಅದನ್ನು ದಾಟಿ ತೀರ ಹಿಗ್ಗಿದರೆ ಅದರ ಸ್ನಾಯು ಸೋತುಹೋಗಿ ಕೆಲವು ದಿನ ಸರಿಯಾಗಿ ಕುಗ್ಗುವುದೇ ಇಲ್ಲ. ನೋವು ತಗ್ಗಿಸುವ ಬಲವಾದ ಮದ್ದು, ಮಲಬದ್ಧತೆ, ಮುತ್ಯಾಗಳಿಗಾದರೆ ದಪ್ಪಗಾದ ಪ್ರೊಸ್ಟೇಟ್, ಇವೂ ಜೊತೆಗೂಡುತ್ತವೆ.

ಕಟ್ಟಿದ ಮೂತ್ರ ತೆಗೆಯಲು ಎರಡು ಬಗೆ. ಒಂದು, ಒಳಗೇ ಉಳಿಯುವ ಪೈಪು. ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ್ದು. ವಾರ್ಡುಗಳಲ್ಲಿ ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಸುಮಾರು 5 ಮಿ.ಮೀ. ದಪ್ಪದ ಮೆತ್ತನೆಯ ಕೊಳವೆ, ಹೊರತುದಿಗೆ ಎರಡು ಕವಲು. ಒಂದು ಕವಲು ಚೀಲಕ್ಕೆ. ಇನ್ನೊಂದರಲ್ಲಿ ಸಿರಿಂಜಿನಿಂದ ಸುಮಾರು 10 ಮಿ.ಲೀ. ಶುದ್ಧ ನೀರು ಬಿಟ್ಟರೆ ಒಳತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಬಲೂನು ಉಬ್ಬಿ ಪೈಪು ಜಾರದಂತೆ ಹಿಡಿಯುತ್ತದೆ. ತೆಗೆಯುವಾಗ ಮೊದಲು ಆ ನೀರನ್ನು ಹೊರಗೆಳೆಯಲೇಬೇಕು. ಆಪರೇಷನ್ ಆದ ರಾತ್ರಿ ಬುದ್ಧಿ ಕಲಕಿ, ಎಲ್ಲಿದ್ದೇನೆಂದು ತಿಳಿಯದ ಮುತ್ಯಾ ಪೈಪನ್ನು ಕಿತ್ತೆಳೆದರೆ ಒಳಗೆ ಹರಿದು ರಕ್ತ ಬರುವುದು ಈ ಉಬ್ಬಿದ ಬಲೂನಿನಿಂದ.

ಇನ್ನೊಂದು ಬಗೆ, ಬೇಕಾದಾಗ ಹಾಕಿ ಕೂಡಲೇ ತೆಗೆಯುವುದು. ಬಲೂನಿಲ್ಲದ ಪೈಪು, ಮೂತ್ರಕೋಶ ಬರಿದಾದ ತಕ್ಷಣ ಹೊರಗೆ. ಹೊಟ್ಟೆಯ ಕೆಳಗೆ ಪುಟ್ಟ ಸ್ಕ್ಯಾನರ್ ಇಟ್ಟು ಎಷ್ಟು ತುಂಬಿದೆಯೆಂದು ನೋಡಿ, 400 ಮಿ.ಲೀ. ಆಸುಪಾಸಿಗೆ ಬಂದು ತಾನಾಗಿ ಹೋಗದಿದ್ದರೆ ಮಾತ್ರ ಹಾಕುತ್ತಾರೆ. ಕೆಲವರಿಗೆ ಒಮ್ಮೆಯೂ ಹಾಕುವ ಪ್ರಸಂಗ ಬರುವುದಿಲ್ಲ. ಗಂಡಸರಿಗೆ ಹೊರಗಿನಿಂದ ತೊಡಿಸುವ ಕಾಂಡೋಮ್ ಪೈಪೂ ಉಂಟು, ಆದರೆ ಅದು ಸೋರುವವರಿಗೆ, ಕಟ್ಟಿಕೊಂಡವರಿಗೆ ಉಪಯೋಗವಿಲ್ಲ.

ಒಳಗುಳಿಯುವ ಪೈಪಿನ ಅಪಾಯ ದಿನದ ಲೆಕ್ಕದಲ್ಲಿ ಬೆಳೆಯುತ್ತದೆ. ಪೈಪಿನ ಹೊರಮೈ ಹಿಡಿದು, ಚೀಲದ ಕಡೆಯಿಂದಲೂ ರೋಗಾಣು ಮೇಲೇರುತ್ತವೆ. ಪೈಪು ಇರುವ ನೂರು ಜನರಲ್ಲಿ ಪ್ರತಿದಿನ ಮೂರರಿಂದ ಏಳು ಜನರ ಮೂತ್ರದಲ್ಲಿ ಹೊಸದಾಗಿ ನೆಲೆಯೂರುತ್ತವೆ. ಹೊಸ ಕೀಲು ಹಾಕಿಸಿಕೊಂಡವರಿಗೆ ಇದು ಹೆಚ್ಚಿನ ಚಿಂತೆ. ರೋಗಾಣು ರಕ್ತಕ್ಕೆ ಸೇರಿ ಆ ಲೋಹದ ಮೇಲೆ ಕೂತರೆ ಮತ್ತೆ ಕೊಯ್ಯಬೇಕಾದೀತು. ಹಾಗೆಂದು ಜ್ವರ, ಉರಿ, ನೋವು ಯಾವುದೂ ಇಲ್ಲದೆ ಬರೀ ಪರೀಕ್ಷೆಯಲ್ಲಿ ರೋಗಾಣು ಕಂಡಿತೆಂದು ಆಂಟಿಬಯೋಟಿಕ್ ನುಂಗುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಎರಡರಲ್ಲಿ ಯಾವುದು ಮೇಲು? 2013ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನ ಟೊಂಕದ ಆಪರೇಷನ್ನಿನ 170 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಕಿ ತೆಗೆದವರಲ್ಲಿ ಮೂತ್ರಕೋಶ ಬೇಗ ಸರಿಹೋಯಿತು. ಕಾಗದದ ಮೇಲೆ ಎರಡನೆಯದು ಚೆಂದ. ಆದರೆ ಅದಕ್ಕೆ ಸ್ಕ್ಯಾನರ್ ಬೇಕು, ರಾತ್ರಿ ಎರಡು ಗಂಟೆಗೂ ಬಂದು ನೋಡುವ ಕೈ ಬೇಕು. ಇಡೀ ವಾರ್ಡನ್ನು ಒಬ್ಬ ಸಿಸ್ಟರ್ ಕಾಯುವಲ್ಲಿ ಒಂದು ಸರತಿ ತಪ್ಪಿದರೂ ಮೂತ್ರಕೋಶ ಬಿರಿಯುವಷ್ಟು ತುಂಬುತ್ತದೆ. ಅಂಥಲ್ಲಿ ಫೋಲಿ ಪೈಪು ಹಾಕಿ, ಮರುದಿನ ತಪ್ಪದೆ ತೆಗೆಯುವುದೇ ಲೇಸೆಂದು ನನಗೆ ಅನ್ನಿಸುತ್ತದೆ. ಬೇರೆ ಕಾರಣವಿಲ್ಲದಿದ್ದರೆ ಆಪರೇಷನ್ನಾದ 24 ತಾಸಿನೊಳಗೆ ತೆಗೆಯುವುದು ಒಳ್ಳೆಯದೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ 2009ರ ಮಾರ್ಗಸೂಚಿಯೂ ಹೇಳುತ್ತದೆ. ತೆಗೆಯುವ ಮುಂಚೆ ಪೈಪಿಗೆ ಕ್ಲಿಪ್ ಹಾಕಿ ಬಿಟ್ಟು ಮೂತ್ರಕೋಶಕ್ಕೆ ‘ರೂಢಿ’ ಮಾಡಿಸುವ ಪದ್ಧತಿಯೂ ಇಂಥ ಕೆಲವು ದಿನದ ಪೈಪಿಗೆ ಅಗತ್ಯವಿಲ್ಲ.

ಪೈಪು ಉಳಿದುಬಿಡುವುದು ಯಾರ ಕೆಟ್ಟತನದಿಂದಲೂ ಅಲ್ಲ. ಚೀಲ ಮಂಚದ ಕೆಳಗೆ, ಪೈಪು ಚಾದರದ ಒಳಗೆ. ಕಣ್ಣಿಗೆ ಬೀಳದ್ದು ಮರೆತುಹೋಗುತ್ತದೆ. ಮನೆಯವರಿಗೂ ಎತ್ತಿ ಕೂರಿಸುವ ಕೆಲಸ ತಪ್ಪಿತಲ್ಲ ಎಂಬ ನಿರಾಳ. ಅದಕ್ಕೇ ದಿನಾ ಬೆಳಗ್ಗೆ ರೌಂಡ್ಸಿನ ಹೊತ್ತಿಗೆ ಕೇಳಬೇಕು: “ಸರ್, ನಮ್ಮ ಆಯಿಗಿ ಪೈಪು ಇನ್ನಾ ಬೇಕೇನ್ರೀ? ಯಾವಾಗ ತೆಗೀತೀರಿ?” ಕೇಳಿದರೆ ಸಿಟ್ಟಾಗುತ್ತಾರೆಂಬ ಅಂಜಿಕೆ ಬೇಡ. ತೆಗೆದಮೇಲೆ ಆರು ತಾಸಾದರೂ ಮೂತ್ರ ಹೋಗದಿದ್ದರೆ, ಅಥವಾ ಅದಕ್ಕೂ ಮೊದಲೇ ಹೊಟ್ಟೆಯ ಕೆಳಗೆ ಬಿಗಿದರೆ, ಆಗಲೇ ಹೇಳಿ.

ಕೆಲವರು ಪೈಪಿನೊಡನೆಯೇ ಊರಿಗೆ ಮರಳುವುದೂ ಉಂಟು. ಜೀಪಿನಲ್ಲಾಗಲಿ ರೈಲಿನಲ್ಲಾಗಲಿ ಚೀಲವನ್ನು ಮಡಿಲಲ್ಲಿಟ್ಟುಕೊಳ್ಳಬಾರದು, ಮೂತ್ರ ಹಿಂದಕ್ಕೆ ಹರಿಯುತ್ತದೆ; ಟೊಂಕಕ್ಕಿಂತ ಕೆಳಗೆ, ನೆಲಕ್ಕೆ ತಾಗದ ಹಾಗೆ ಕಟ್ಟಬೇಕು. ಡಿಸ್ಚಾರ್ಜ್ ಕಾಗದದ ಮೇಲೆ ಪೈಪು ತೆಗೆಯುವ ತಾರೀಖನ್ನು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ಹಾಕಿದವರೇ ತೆಗೆಯಬೇಕೆಂದಿಲ್ಲ. ಆ ದಿನ ಕಾಗದ ಹಿಡಿದು ನಿಮ್ಮ ತಾಲೂಕು ಆಸ್ಪತ್ರೆಗೇ ಬೆಳಗ್ಗೆ ಹೋದರೆ, ಮೂತ್ರ ತಾನಾಗಿ ಹೋಗುವುದನ್ನು ಅಲ್ಲೇ ಕೂತು ನೋಡಿ, ಸಂಜೆಗೆ ಮನೆ ಸೇರಬಹುದು.