ಕಾನೂನಿನ ಅಂಜಿಕೆಯೂ ಕುಟುಂಬದ ಆರೋಗ್ಯವೂ

ಮಾಗಡಿ ರಸ್ತೆಯ ಸಮೀಪದ ಹೇರೋಹಳ್ಳಿಯು ಒಂದು ಕಾಲದಲ್ಲಿ ಹಳ್ಳಿಯಾಗಿದ್ದು, ಈಗ ಬೆಂಗಳೂರು ನಗರದಲ್ಲಿ ಸೇರಿಹೋಗಿದೆ. ಇಂತಹ ಬಡಾವಣೆಗಳಿಗೆ ಕೂಲಿಗಾಗಿಯೂ ಕಾರ್ಖಾನೆಯ ಕೆಲಸಕ್ಕಾಗಿಯೂ ಹಳ್ಳಿಗಳಿಂದ ಬರುವವರು ಅನೇಕರು. ಬಡತನ, ಸಾಲ, ಪತಿಯ ಮರಣ ಮೊದಲಾದ ಕಾರಣಗಳಿಂದ ನಗರಗಳಲ್ಲಿ ಕೆಲವು ಸ್ತ್ರೀಯರು ಲೈಂಗಿಕ ವೃತ್ತಿಯನ್ನು ಅವಲಂಬಿಸುತ್ತಾರೆ. ಇವರಲ್ಲಿ ಹಲವರು ವಿವಾಹಿತರು, ಮಕ್ಕಳ ತಾಯಂದಿರು. ಇವರ ವಿಷಯ ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲೇಕೆ ಎಂದು ಓದುಗರು ಕೇಳಬಹುದು. ಅವರೂ ಒಂದೊಂದು ಕುಟುಂಬಕ್ಕೆ ಸೇರಿದವರು. ಅವರ ಬಳಿಗೆ ಹೋಗುವ ಪುರುಷರಲ್ಲಿಯೂ ಕುಟುಂಬಸ್ಥರಿದ್ದಾರೆ.

ಕಾನೂನು ಏನು ಹೇಳುತ್ತದೆ?

ಈ ವಿಷಯದ ಕೇಂದ್ರ ಕಾಯಿದೆಯು 1956ರಲ್ಲಿ ಬಂದಿತು. 1986ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಸ್ತ್ರೀಯರನ್ನೂ ಮಕ್ಕಳನ್ನೂ ಬಲಾತ್ಕಾರದಿಂದ ಈ ವೃತ್ತಿಗೆ ತಳ್ಳುವವರನ್ನು ದಂಡಿಸುವುದು ಅದರ ಮುಖ್ಯ ಉದ್ದೇಶ. ಇದು ಯೋಗ್ಯವಾದುದೇ. ವಯಸ್ಕ ಸ್ತ್ರೀಯು ಸ್ವಇಚ್ಛೆಯಿಂದ ಏಕಾಂತದಲ್ಲಿ ಈ ವೃತ್ತಿ ನಡೆಸುವುದು ಅಪರಾಧವಲ್ಲ. ಆದರೆ ಬೀದಿಯಲ್ಲಿ ಗಿರಾಕಿಯನ್ನು ಕರೆದರೆ 6 ತಿಂಗಳವರೆಗೆ ಸೆರೆವಾಸವಾಗಬಹುದು. ಇಬ್ಬರು ಒಂದೇ ಮನೆಯಲ್ಲಿ ಪರಸ್ಪರ ಲಾಭಕ್ಕಾಗಿ ವೃತ್ತಿ ನಡೆಸಿದರೆ ಆ ಮನೆ ವೇಶ್ಯಾಗೃಹವೆನಿಸುತ್ತದೆ. ತಿಳಿದೂ ಮನೆಯನ್ನು ಬಾಡಿಗೆಗೆ ಕೊಟ್ಟವರೂ, ಆಕೆಯ ಸಂಪಾದನೆಯಿಂದ ಜೀವಿಸುವ 18 ವರ್ಷ ಮೀರಿದವರೂ ಶಿಕ್ಷೆಗೆ ಗುರಿಯಾಗುತ್ತಾರೆ.

ಅಂಜಿಕೆಯಿಂದಾಗುವ ಕೇಡು

ಇದರ ಪರಿಣಾಮವನ್ನು ವೈದ್ಯರು ಕಣ್ಣಾರೆ ಕಾಣುತ್ತಾರೆ. ಜೊತೆಯಲ್ಲಿ ಇನ್ನೊಬ್ಬಳಿದ್ದರೆ ರಕ್ಷಣೆ ಹೆಚ್ಚು. ಆದರೆ ಕಾನೂನಿಗೆ ಅಂಜಿ ಆಕೆ ಒಂಟಿಯಾಗಿರುತ್ತಾಳೆ. ಪೊಲೀಸರ ಕಣ್ಣು ತಪ್ಪಿಸಲು ಕತ್ತಲ ಜಾಗಕ್ಕೆ ಹೋಗುತ್ತಾಳೆ. ಅಲ್ಲಿ ಹೊಡೆತ, ಸುಲಿಗೆಗಳಾದರೂ ದೂರು ಕೊಡಲು ಹೆದರುತ್ತಾಳೆ. ಚೀಲದಲ್ಲಿ ನಿರೋಧ್ ಸಿಕ್ಕರೆ ಅದೇ ಸಾಕ್ಷ್ಯವಾದೀತೆಂದು ಅದನ್ನು ಇಟ್ಟುಕೊಳ್ಳುವುದಿಲ್ಲ. ಆಸ್ಪತ್ರೆಯಿಂದ 200 ಮೀಟರಿನೊಳಗೆ ವೃತ್ತಿ ನಡೆಸುವುದು ಅಪರಾಧವೇ ಹೊರತು ಚಿಕಿತ್ಸೆಗೆ ಬರುವುದು ಅಪರಾಧವಲ್ಲ. ಆದರೂ ಹೆದರಿದ ಜೀವ ಆಸ್ಪತ್ರೆಯ ಬಾಗಿಲಿಗೆ ಬರಲು ಹಿಂಜರಿಯುತ್ತದೆ. ಹೀಗೆ ಚಿಕಿತ್ಸೆಯಿಲ್ಲದೆ ಉಳಿದ ರೋಗವು ಮೊದಲು ಆಕೆಯನ್ನು ಕಾಡಿ, ಆನಂತರ ಪುರುಷನ ಮೂಲಕ ಅವನ ಪತ್ನಿಗೂ, ಗರ್ಭದಲ್ಲಿರುವ ಶಿಶುವಿಗೂ ತಲಪಬಹುದು.

ಭಯ ನೀಗಿಸುವ ಕ್ರಮಗಳು

2022ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯವು ಈ ಸ್ತ್ರೀಯರನ್ನು ಗೌರವದಿಂದ ಕಾಣಬೇಕೆಂದೂ, ನಿರೋಧ್ ಇರುವುದನ್ನು ಅಪರಾಧದ ಸಾಕ್ಷ್ಯವೆಂದು ಭಾವಿಸಬಾರದೆಂದೂ, ಅತ್ಯಾಚಾರಕ್ಕೊಳಗಾದವರಿಗೆ ತಕ್ಷಣ ವೈದ್ಯಕೀಯ ನೆರವು ಕೊಡಬೇಕೆಂದೂ ಆದೇಶಿಸಿತು. ಎಚ್.ಐ.ವಿ. ಕುರಿತ 2017ರ ಕಾಯಿದೆಯಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು, ಸೋಂಕಿತರಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಭಯ ಹೋದರೆ ಆರೋಗ್ಯ ಸುಧಾರಿಸುತ್ತದೆಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2000ದ ನಂತರದ ಮೊದಲ ವರ್ಷಗಳಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಎಚ್.ಐ.ವಿ. ಸೋಂಕು ಶೇ. 1ನ್ನು ಮೀರಿತ್ತು. ಆಗ ಮೈಸೂರಿನ ಅಶೋದಯ ಸಮಿತಿ, ಬೆಂಗಳೂರಿನ ಸ್ವಾತಿ ಮಹಿಳಾ ಸಂಘಗಳಲ್ಲಿ ಈ ಸ್ತ್ರೀಯರೇ ಒಂದುಗೂಡಿ, ತಮ್ಮಂತಹವರಿಗೆ ತಿಳಿವಳಿಕೆ ನೀಡಿ, ಆಸ್ಪತ್ರೆಗೆ ಕರೆತಂದರು. ಇಂತಹ ಪ್ರಯತ್ನಗಳ ಜೊತೆಗೆ ಸರ್ಕಾರದ ಉಚಿತ ಚಿಕಿತ್ಸೆಯೂ ಸೇರಿ, ರಾಜ್ಯದಲ್ಲಿ ಸೋಂಕು ಗಣನೀಯವಾಗಿ ಇಳಿಯಿತು.

ದಂಪತಿಗಳು ಅರಿಯಬೇಕಾದುದು

ಜನನಾಂಗದಲ್ಲಿ ನೋವಿಲ್ಲದ ಹುಣ್ಣು, ಕೀವು, ಉರಿಮೂತ್ರ ಕಂಡರೆ ನಾಚದೆ ವೈದ್ಯರ ಬಳಿಗೆ ಬರಬೇಕು. ಸ್ತ್ರೀಯರಲ್ಲಿ ಅನೇಕ ವೇಳೆ ಲಕ್ಷಣಗಳೇ ತೋರುವುದಿಲ್ಲ. ಆದುದರಿಂದ ಪತಿ ಪತ್ನಿಯರಿಬ್ಬರೂ ಪರೀಕ್ಷಿಸಿಕೊಳ್ಳಬೇಕು. ಪರಂಗಿ ರೋಗವು ಪೆನ್ಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ. ಬಿಟ್ಟರೆ ಗರ್ಭಪಾತ, ಮೃತಶಿಶುವಿನ ಜನನಗಳಿಗೆ ಕಾರಣವಾಗುತ್ತದೆ. ಎಚ್.ಐ.ವಿ. ಇರುವ ಗರ್ಭಿಣಿಯು ಕಾಲಕ್ಕೆ ಸರಿಯಾಗಿ ಔಷಧಿ ಸೇವಿಸಿದರೆ ಮಗುವನ್ನು ಸೋಂಕಿನಿಂದ ಕಾಪಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಉಚಿತ; ಸಲಹೆಗೆ 1097 ದೂರವಾಣಿ ಸಂಖ್ಯೆಯೂ ಉಚಿತ.

ಕೊನೆಯದಾಗಿ ಒಂದು ಮಾತು. ನಿಮ್ಮ ಊರಿನಲ್ಲಿ ಅಥವಾ ನೆರೆಹೊರೆಯಲ್ಲಿ ಇಂತಹ ಸ್ತ್ರೀಯೊಬ್ಬಳಿದ್ದರೆ ಆಕೆಯನ್ನು ಹಳಿಯಬೇಡಿ, ಆಸ್ಪತ್ರೆಯ ಸಾಲಿನಿಂದ ಹೊರದೂಡಬೇಡಿ. ಆಕೆ ನಿರ್ಭಯವಾಗಿ ಚಿಕಿತ್ಸೆ ಪಡೆದರೆ ಆಕೆಯ ಮಕ್ಕಳಿಗೆ ತಾಯಿ ಉಳಿಯುತ್ತಾಳೆ; ಊರಿನ ಆರೋಗ್ಯವೂ ಉಳಿಯುತ್ತದೆ.